ಟವೆಲ್ಲಿನ ಜರಿ ಮೂಲೆ

ನನ್ನ ಗಂಡ ಕಾರು ಒರೆಸುವ ಟವೆಲ್ ಆರಿಸುವುದಕ್ಕೆ ಇಪ್ಪತ್ತಾರು ದಿನ ತೆಗೆದುಕೊಂಡರು. ನನ್ನನ್ನು ಆರಿಸುವುದಕ್ಕೆ ಒಂದು ಮಧ್ಯಾಹ್ನ ಸಾಕಾಗಿತ್ತು. ಅದರಲ್ಲೂ ಅರ್ಧ ಗಂಟೆ ನಮ್ಮಪ್ಪನ ಕಾರು ನೋಡುವುದರಲ್ಲಿ ಕಳೆದಿತ್ತು.

ನಮ್ಮದು ಕಾರು ತೊಳೆಯುವ ಶೆಡ್ಡು, ಮಾವ ಕಟ್ಟಿದ್ದು. ಮುಂದುಗಡೆ ಎರಡು ಅಂಕಣ. ಒಂದರಲ್ಲಿ ತೊಳೆಯುವುದು, ಇನ್ನೊಂದರಲ್ಲಿ ಒರೆಸುವುದು. ಪಕ್ಕದಲ್ಲಿ ಗಾಜಿನ ಕಿಟಕಿಯ ಆಫೀಸು ಕೋಣೆ. ಅಲ್ಲಿ ಗಿರಾಕಿಗಳು ಕೂರುವ ನಾಲ್ಕು ಕುರ್ಚಿ, ಕಾಫಿ ಯಂತ್ರ, ದೂರಿನ ಪುಸ್ತಕ, ನಾನು. ಹಿಂದುಗಡೆ ನೀರಿನ ಟ್ಯಾಂಕು, ಬಟ್ಟೆ ಒಗೆಯುವ ಯಂತ್ರ. ಮಹಡಿಯ ಮೇಲೆ ಮನೆ. ನೀರು ಹೊಡೆಯುವವನನ್ನು ಎಲ್ಲರೂ ಪೈಪಣ್ಣ ಎನ್ನುತ್ತಾರೆ. ಅವನ ನಿಜವಾದ ಹೆಸರು ಅವನಿಗೂ ಮರೆತಿರಬೇಕು. ಒರೆಸುವವರು ಅತ್ತೆ. ನನ್ನ ಗಂಡನ ಸೋದರತ್ತೆ, ಮಾವನ ತಂಗಿ. ಗಂಡ ತೀರಿಕೊಂಡ ವರ್ಷ ಅಣ್ಣನ ಶೆಡ್ಡಿಗೆ ಬಂದವರು, ಹತ್ತೊಂಬತ್ತು ವರ್ಷದಿಂದ ಒರೆಸುತ್ತಲೇ ಇದ್ದಾರೆ. ಮಾವ ಈಗ ಬಾಗಿಲ ಪಕ್ಕ ಒರಗುಕುರ್ಚಿಯಲ್ಲಿ ನಿದ್ದೆ ಮಾಡುತ್ತಾರೆ. ನನ್ನ ಗಂಡ ಮೇಲ್ವಿಚಾರಣೆ ಮಾಡುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಕೆಲಸ. ಮಾವನದು ಸ್ವಲ್ಪ ನಿಶ್ಶಬ್ದ, ಅಷ್ಟೆ.

ಅತ್ತೆ ಒರೆಸುವುದನ್ನು ನೋಡಬೇಕು. ಹಳೆಯ ದಪ್ಪ ಬಟ್ಟೆಯೊಂದನ್ನು ಬಾನೆಟ್ಟಿನ ಮೇಲೆ, ಮಲಗಿದ ಮಗುವಿಗೆ ಹೊದಿಕೆ ಹಾಸಿದ ಹಾಗೆ ಹಾಸುತ್ತಾರೆ. ಎರಡು ತುದಿ ಹಿಡಿದು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಉಳಿದ ಹನಿಗಳಿಗೆ ಇನ್ನೊಂದು ತೆಳು ಬಟ್ಟೆ. "ಉಜ್ಜಬಾರದು ಕಣೇ, ಎಳೀಬೇಕು. ಉಜ್ಜೋದು ಪಾತ್ರೆಗೆ" ಎಂದು ನನಗೆ ಒಮ್ಮೆ ಹೇಳಿಕೊಟ್ಟಿದ್ದರು.

ಆ ಹಳೆಯ ಬಟ್ಟೆ ಸವೆದಿತ್ತು, ಹೊಸದು ಬೇಕಾಗಿತ್ತು. ಅಷ್ಟೇ ವಿಷಯ. ನನ್ನ ಗಂಡ ಅದನ್ನು ಸಂಶೋಧನೆ ಮಾಡಿಕೊಂಡರು.

ಹನ್ನೊಂದು ಬಗೆಯ ಟವೆಲ್ ತರಿಸಿ ಊಟದ ಮೇಜಿನ ಮೇಲೆ ಹರಡಿದರು. ನಾವು ಇಪ್ಪತ್ತಾರು ದಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು. ಪ್ರತಿ ಟವೆಲ್ಲಿಗೂ ನಂಬರು, ಪ್ರತಿ ನಂಬರಿಗೂ ನೋಟುಬುಕ್ಕಿನಲ್ಲಿ ಒಂದು ಪುಟ. ಒಣಗಿದಾಗ ಅಡುಗೆಮನೆಯ ತಕ್ಕಡಿಯಲ್ಲಿ ತೂಕ, ನೆನೆಸಿ ಮತ್ತೆ ತೂಕ. ಹಿಟ್ಟು ತೂಗಲು ಇಟ್ಟುಕೊಂಡಿದ್ದ ತಕ್ಕಡಿ ಅದು. ಅದಾದ ಮೇಲೆ ಕಣ್ಣು ಮುಚ್ಚಿ ಒಂದೊಂದನ್ನೂ ತಮ್ಮ ಕೆನ್ನೆಗೆ ಉಜ್ಜಿಕೊಳ್ಳುತ್ತಿದ್ದರು. ಮೃದುತ್ವದ ಪರೀಕ್ಷೆಯಂತೆ. ಶೇವ್ ಮಾಡಿದ ದಿನ ಒಂದು ಫಲಿತಾಂಶ, ಮಾಡದ ದಿನ ಇನ್ನೊಂದು. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು.

"ಅತ್ತೆ, ಈ ಮೂರನೇ ನಂಬರ್ ಆರು ಲೋಟ ನೀರು ಕುಡಿಯುತ್ತೆ, ಗೊತ್ತಾ?"

"ಕುಡೀಲಿ ಬಿಡಪ್ಪ. ಕುಡಿದ್ಮೇಲೆ ಅದನ್ನ ಎತ್ತೋರು ಯಾರು?"

"ಮೈಕ್ರೋಫೈಬರ್ ಅಂದ್ರೆ ಸುಮ್ನೆ ಅಲ್ಲ ಅತ್ತೆ. ಒಂದೊಂದು ಎಳೆಯೂ ಕೂದಲಿಗಿಂತ ಸಣ್ಣ."

"ನಿನ್ನ ಕೂದಲಿಗಿಂತ ಅಂದ್ರೆ ಲೆಕ್ಕ ಹಾಕೋದು ಕಷ್ಟ" ಎಂದು ಅತ್ತೆ ನನ್ನ ಗಂಡನ ನೆತ್ತಿ ನೋಡಿದರು. ಪೈಪಣ್ಣ ಮೆಟ್ಟಿಲ ಮೇಲೆ ನಿಂತು ಕೆಮ್ಮಿದ.

ಮೊದಲನೆಯ ದಿನವೇ ಅತ್ತೆ ಕೈಯನ್ನು ಒದ್ದೆ ಮಾಡಿಕೊಂಡು ಬಂದು, ಮೇಜಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲವನ್ನೂ ಮುಟ್ಟಿ, ಏಳನೆಯದನ್ನು ಎತ್ತಿ ಪಕ್ಕಕ್ಕಿಟ್ಟಿದ್ದರು. "ಇದು. ಅಂಚಿಗೆ ಗಟ್ಟಿ ಹೊಲಿಗೆ ಇಲ್ಲ, ಚೀಟಿ ಇಲ್ಲ, ಭಾರ ಹೆಚ್ಚಿಲ್ಲ." ಒಂದು ನಿಮಿಷವೂ ಆಗಿರಲಿಲ್ಲ. ನನ್ನ ಗಂಡ ನಕ್ಕು ಅದನ್ನು ಮತ್ತೆ ಸಾಲಿನಲ್ಲಿಟ್ಟರು. ಇಪ್ಪತ್ತಾರನೆಯ ದಿನ, ಎಲ್ಲರನ್ನೂ ಕರೆದು, ಗಂಟಲು ಸರಿಮಾಡಿಕೊಂಡು, ತಮ್ಮ ಆಯ್ಕೆ ಪ್ರಕಟಿಸಿದರು. ಏಳನೇ ನಂಬರು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ತಾವು ಆರಿಸಿದ ಟವೆಲ್ಲಿನ ಮೇಲೆ ತಮ್ಮ ಗುರುತು ಇಲ್ಲದಿರುವುದು ಅವರಿಗೆ ನಿದ್ದೆ ಕೆಡಿಸಿತು. ಅರವತ್ತು ಟವೆಲ್ ತರಿಸಿ, ಪ್ರತಿಯೊಂದರ ಮೂಲೆಯಲ್ಲೂ ಬಂಗಾರದ ಬಣ್ಣದ ಜರಿ ನೂಲಿನಲ್ಲಿ ಶೆಡ್ಡಿನ ಹೆಸರು, ಅದರ ಕೆಳಗೆ ಒಂದು ಮಾತು ಹೊಲಿಸುವುದೆಂದು ತೀರ್ಮಾನಿಸಿದರು. ಚೀಟಿ ಇಲ್ಲವೆಂದೇ ಆರಿಸಿದ ಟವೆಲ್ಲಿಗೆ ಅಂಗೈ ಅಗಲದ ಜರಿ ಚೀಟಿ.

"ಮಾತು ನೀನು ಬರಿ. ಓದಿದವಳಲ್ವಾ" ಎಂದರು. ಅವರಿಗೆ ಹೊಳೆದಿದ್ದ ಮಾತು 'ನಿಮ್ಮ ಕಾರು, ನಮ್ಮ ಕೂಸು'. ಅದನ್ನು ತಪ್ಪಿಸಬೇಕಲ್ಲ ಎಂಬ ಅವಸರದಲ್ಲಿ ನಾನು 'ಗೀರಿಲ್ಲದ ಹೊಳಪು, ನಮ್ಮ ಹೊಣೆ' ಎಂದು ಬರೆದುಕೊಟ್ಟೆ. ನಾಲ್ಕೈದು ಸಲ ತಿದ್ದಿದ್ದೆ. ದರ್ಜಿ ಹೊಲಿದು ತಂದಾಗ ಅಕ್ಷರಗಳ ಮೇಲೆ ಬೆರಳಾಡಿಸಿ, ಚೆನ್ನಾಗಿ ಬಂದಿದೆ ಎಂದುಕೊಂಡಿದ್ದೂ ಉಂಟು.

ಹೊಲಿಸಿದ ಮೇಲೆ ಜನ ನೋಡಬೇಡವೇ? ಅದಕ್ಕೊಂದು ಕಾನೂನು ಬಂತು. ಟವೆಲ್ಲನ್ನು ನಾಲ್ಕು ಮಡಿಕೆ ಮಾಡುವಾಗ ಜರಿ ಮೂಲೆ ಹೊರಗೆ, ಮೇಲ್ಗಡೆ ಕಾಣಬೇಕು. ಕಿಟಕಿಯ ಹತ್ತಿರ ಕಾಫಿ ಕುಡಿಯುತ್ತಾ ಕೂತ ಗಿರಾಕಿಗೆ ಹೆಸರು ಓದಲು ಬರಬೇಕು. ಅತ್ತೆಗೆ ಹಾಸಿ ಎಳೆಯುವುದನ್ನೂ ಬಿಡಿಸಿದರು. ಹಾಸಿದರೆ ಹೆಸರು ಒಂದು ಮೂಲೆಗೆ ಹೋಗಿಬಿಡುತ್ತದಂತೆ. ಆದರೆ ಮೇಲಿನ ಮುಖ ಎಷ್ಟು ಹೊತ್ತು ಮೇಲೆಯೇ ಇರುತ್ತದೆ? ಅಡಿಯ ಮುಖ ಒದ್ದೆಯಾದ ಕೂಡಲೇ ಟವೆಲ್ ತಿರುಗಿಸಲೇಬೇಕು. ಆಗ ಹೆಸರು ನೇರವಾಗಿ ಬಣ್ಣದ ಮೇಲೆ ಕೂರುತ್ತದೆ. ಇದು ತಿಳಿಯಲು ನೋಟುಬುಕ್ಕು ಬೇಕಾಗಿಲ್ಲ. ಆದರೆ ನೋಟುಬುಕ್ಕು ಇದ್ದವರಿಗೆ ತಿಳಿಯಲಿಲ್ಲ.

"ಮೂಲೆ ಚುಚ್ಚುತ್ತೆ ಕಣೋ" ಎಂದರು ಅತ್ತೆ, ಜರಿ ಟವೆಲ್ ಹಿಡಿದ ಮೊದಲನೆಯ ದಿನವೇ.

"ನಿಮ್ಮ ಕೈ ಒರಟು ಅತ್ತೆ, ಅದಕ್ಕೇ ಹಾಗನ್ಸುತ್ತೆ. ನನ್ನ ಕೆನ್ನೆಗೆ ಏನೂ ಆಗ್ಲಿಲ್ಲ."

"ಜರಿ ಹೊಲಿಸೋಕೆ ಮುಂಚೆ ತಾನೇ ಕೆನ್ನೆಗೆ ಉಜ್ಜಿದ್ದು?"

 ಅತ್ತೆ ಹೆಸರನ್ನು ಒಳಗೆ ಮಡಿಸಿ ಒರೆಸಲು ಶುರು ಮಾಡಿದರೆ ನನ್ನ ಗಂಡ ಎಲ್ಲಿದ್ದರೂ ಓಡಿಬಂದು ಬಿಚ್ಚಿ ಮಡಿಸುತ್ತಿದ್ದರು. "ಹೆಸರು ಮೇಲೆ ಅತ್ತೆ, ಹೆಸರು ಮೇಲೆ!" ಒಂದು ದಿನಕ್ಕೆ ಹತ್ತು ಸಲ. ಮೂರನೆಯ ದಿನದ ಹೊತ್ತಿಗೆ ಅತ್ತೆ ಸುಮ್ಮನಾದರು. ಅನ್ನ ಹಾಕುವ ಮನೆಯಲ್ಲಿ ಎಷ್ಟು ಸಲ ಅಂತ ಎದುರಾಡುವುದು.

ನಾನು ಹುಟ್ಟಾ ಅಂಜುಬುರುಕಿ. ಒಲೆ ಆರಿಸಿದೆನೇ ಎಂದು ಮೂರು ಸಲ ನೋಡುವವಳು. ಅತ್ತೆಯ ಮಾತು ತಲೆಯಲ್ಲಿ ಕೂತಿತ್ತು. ನಾಲ್ಕನೆಯ ದಿನ ಆಫೀಸಿನಲ್ಲಿ ಯಾರೂ ಇಲ್ಲದಾಗ ಒಂದು ಟವೆಲ್ ತಂದು ನನ್ನ ಕಪ್ಪು ಫೋನಿನ ನುಣುಪು ಬೆನ್ನನ್ನು ಒರೆಸಿದೆ. ಮೆತ್ತಗಿನ ಭಾಗದಿಂದ ಒರೆಸಿದಾಗ ಏನೂ ಆಗಲಿಲ್ಲ. ಜರಿ ಮೂಲೆಯಿಂದ ಒರೆಸಿ ಬಿಸಿಲಿಗೆ ಹಿಡಿದೆ. ಕೂದಲೆಳೆಯಂಥ ಗೀರುಗಳು, ಬಿಲ್ಲಿನ ಹಾಗೆ ಬಾಗಿದವು, ಒಂದರ ಪಕ್ಕ ಒಂದು.

ಫೋನನ್ನು ಮಗುಚಿಟ್ಟೆ. ಮಾರನೆಯ ದಿನ ಅದಕ್ಕೊಂದು ಕವರು ಹಾಕಿಸಿಕೊಂಡೆ.

ಹೇಳಬಹುದಾಗಿತ್ತು. ಹಿಂದೊಮ್ಮೆ ಶೆಡ್ಡಿನ ಬೋರ್ಡಿನ ಅಳತೆ ತಪ್ಪಿದೆ ಎಂದು ಹೇಳಿದ್ದೆ. ಬೋರ್ಡು ಬಂದಾಗ ಗೇಟಿಗಿಂತ ಒಂದು ಮೊಳ ಉದ್ದವಿತ್ತು. ನನ್ನ ಗಂಡ ಒಂಬತ್ತು ದಿನ ಗೋಡೆಗೆ ಮುಖ ಮಾಡಿ ಉಂಡರು. ಆ ಬೆನ್ನು ನೋಡುತ್ತಾ ಅನ್ನ ಬಡಿಸುವ ಕಷ್ಟ ಬೇಡ ಎನ್ನಿಸಿತು. ಬಿಳಿ ಕಾರುಗಳಲ್ಲಿ ಗೀರು ಕಾಣುವುದಿಲ್ಲ, ಇರಲಿ, ನೋಡೋಣ ಎಂದುಕೊಂಡೆ. ಸುಮ್ಮನಿರುವುದಕ್ಕೂ ಒಳ್ಳೆಯ ಪದಗಳು ನನಗೆ ಯಾವಾಗಲೂ ಸುಲಭವಾಗಿ ಸಿಗುತ್ತವೆ.

ಎಂಟನೆಯ ದಿನ ಹಲ್ಲಿನ ಡಾಕ್ಟರು ಬಂದರು. ನಮ್ಮ ಹಳೆಯ ಗಿರಾಕಿ, ಕಾರು ಕಪ್ಪು. ಎರಡು ದಿನದ ಹಿಂದೆ ತೊಳೆಸಿಕೊಂಡು ಹೋಗಿದ್ದರು. ಜೇಬಿನಿಂದ ಬಾಯೊಳಗೆ ಬಿಡುವ ಪುಟ್ಟ ಟಾರ್ಚು ತೆಗೆದು, ಬಾನೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ರೋಗಿಯ ದವಡೆ ನೋಡುವ ಹಾಗೆ ನೋಡಿದರು.

"ಬನ್ನಿ, ಬನ್ನಿ. ಇಲ್ಲಿ. ಇಲ್ಲಿ. ಬಾಗಿಲ ಮೇಲೂ ಇದೆ. ನಿಮ್ಮಲ್ಲಿಗೆ ಬರೋಕೆ ಮುಂಚೆ ಇರ್ಲಿಲ್ಲ."

ನನ್ನ ಗಂಡ ಕಾರನ್ನು ಎರಡು ಸುತ್ತು ಹಾಕಿದರು. ಟವೆಲ್ಲಿನ ಕಡೆ ಕಣ್ಣೂ ಹಾಯಿಸಲಿಲ್ಲ. ತಾವೇ ಆರಿಸಿದ್ದರ ಮೇಲೆ ಅನುಮಾನ ಹೇಗೆ ಬರುತ್ತದೆ? ಅವರ ಕಣ್ಣು ಅತ್ತೆಯ ಕೈಗೆ ಹೋಯಿತು. ಎಡಗೈಯ ಉಂಗುರದ ಬೆರಳಿನಲ್ಲಿ ಒಂದು ತೆಳು ಉಂಗುರ, ತೀರಿಕೊಂಡ ಗಂಡ ಹಾಕಿದ್ದು.

"ಉಂಗುರ!" ಎಂದರು, ಕಳ್ಳನನ್ನು ಹಿಡಿದವರ ಹಾಗೆ. "ಇಷ್ಟು ವರ್ಷ ಯಾರಿಗೂ ಹೊಳೀಲೇ ಇಲ್ಲ ನೋಡಿ!"

"ಇಷ್ಟು ವರ್ಷ ಗೀರೂ ಬಂದಿರ್ಲಿಲ್ಲ" ಎಂದ ಪೈಪಣ್ಣ.

"ನೀನು ನಿನ್ನ ಪೈಪ್ ನೋಡ್ಕೋ."

ಡಾಕ್ಟರು ಟಾರ್ಚು ಆರಿಸಿ, "ಇದ್ರೂ ಇರಬಹುದು, ಇಲ್ದೇನೂ ಇರಬಹುದು" ಎಂದು ಹೊರಟುಹೋದರು. ಉಂಗುರ ತೆಗೆಯುವ ಕಾರ್ಯಕ್ರಮ ಶುರುವಾಯಿತು. ನೀರಿನಲ್ಲಿ ನೆಂದು ನೆಂದು ಅತ್ತೆಯ ಬೆರಳಿನ ಗಂಟು ಊದಿಕೊಂಡಿತ್ತು. ಸೋಪು ಹಚ್ಚಿದರು, ಎಣ್ಣೆ ಹಚ್ಚಿದರು, ದಾರ ಸುತ್ತಿ ಎಳೆದರು. ಮಾವ ಕುರ್ಚಿಯಿಂದ ಒಂದು ಕಣ್ಣು ತೆರೆದು, "ಒಂದು ಉಂಗುರ ತಾನೇ, ತೆಗೆದುಬಿಡಮ್ಮ" ಎಂದು ಮತ್ತೆ ಮುಚ್ಚಿಕೊಂಡರು. ಕೊನೆಗೆ ತಂತಿ ಕತ್ತರಿಸುವ ಇಕ್ಕಳ ಬಂತು. ಪೈಪಣ್ಣ ನಾನು ಮಾಡಲ್ಲ ಎಂದ. ನನ್ನ ಗಂಡ ಇಕ್ಕಳ ಹಿಡಿದು ಮುಖ ಆಚೆ ತಿರುಗಿಸಿದರು. ಅತ್ತೆಯೇ ಇಕ್ಕಳ ಇಸಕೊಂಡು, ಬಲಗೈಯಲ್ಲಿ ಹಿಡಿದು, ತಾವೇ ಕತ್ತರಿಸಿಕೊಂಡರು. ಟಕ್ ಎಂದಿತು, ಅಷ್ಟೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನಾನು ಹತ್ತಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ದೂರಿನ ಪುಸ್ತಕದಲ್ಲಿ ನನ್ನ ದುಂಡು ಅಕ್ಷರದಲ್ಲಿ ಬರೆದೆ: 'ಕಾರಣ: ಉಂಗುರ. ಸರಿಪಡಿಸಲಾಗಿದೆ.'

ಸರಿಹೋಗಲಿಲ್ಲ. ಹನ್ನೆರಡನೆಯ ದಿನ ಕಡುನೀಲಿ ಕಾರಿನವರೊಬ್ಬರು ಬಂದು ಕೂಗಾಡಿದರು. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಗಂಡ ಎರಡನೆಯ ಸಂಶೋಧನೆಯ ಫಲ ತಿಳಿಸಿದರು.

"ಕಣ್ಣು. ಅತ್ತೆಗೆ ಕಣ್ಣು ಮಂಜಾಗಿದೆ. ಧೂಳು ಉಳಿದಿರೋದು ಕಾಣಲ್ಲ, ಅದರ ಮೇಲೇ ಒರೆಸ್ತಾರೆ."

"ನಿನ್ನ ಅಂಗಿಯ ಎರಡನೇ ಗುಂಡಿ ತಪ್ಪು ಕಾಜಾದಲ್ಲಿದೆ" ಎಂದರು ಅತ್ತೆ, ತಲೆ ಎತ್ತದೆ.

ಗುಂಡಿ ಸರಿಮಾಡಿಕೊಂಡು ನನ್ನ ಗಂಡ ಮುಂದುವರಿಸಿದರು. "ನಾಳೆ ಡಾಕ್ಟರ ಕಾರು ಬರುತ್ತೆ. ಬೇರೆ ಕಡೆ ಪಾಲಿಶ್ ಮಾಡಿಸಿ ಗೀರೆಲ್ಲ ತೆಗೆಸಿದ್ದಾರಂತೆ. ಇನ್ನೊಂದೇ ಸಲ ನೋಡ್ತೀನಿ ಅಂದ್ರು. ಅದನ್ನ ಅತ್ತೆ ಮುಟ್ಟೋದು ಬೇಡ. ಅಲ್ಲಿಂದಾಚೆಗೆ ಯಾವ ಕಾರನ್ನೂ ಬೇಡ. ಮೇಲೇ ಇದ್ದು ಆರಾಮ ಮಾಡ್ಲಿ."

"ಆರಾಮ ನಿನ್ನ ಕೆಲಸ ಕಣೋ. ಅದನ್ನ ನಾನು ಕಿತ್ಕೊಳ್ಳಲ್ಲ."

"ನೋಡಪ್ಪ, ಇವರ ಒಳ್ಳೇದಕ್ಕೇ ಹೇಳಿದ್ರೂ ಹೀಗೆ."

ಮಾವ ಅನ್ನ ಕಲಸುತ್ತಾ, "ಹುಡುಗ ಹೇಳೋದು ಸರಿ ಇರಬಹುದು" ಎಂದರು. ಹುಡುಗನಿಗೆ ನಲವತ್ತೊಂದು.

 ತಟ್ಟೆಯ ಅಂಚು ಹಿಡಿದ ಅತ್ತೆಯ ಎಡಗೈಯಲ್ಲಿ ಉಂಗುರ ಇದ್ದ ಜಾಗ ಬೆಳ್ಳಗೆ ಒಂದು ದಾರದ ಹಾಗೆ ಕಾಣುತ್ತಿತ್ತು. ಅವರು ಈ ಮನೆಯಲ್ಲಿ ಯಾರ ಹಂಗಿಗೂ ಬೀಳದೆ ಹತ್ತೊಂಬತ್ತು ವರ್ಷ ಉಂಡಿದ್ದು ಕೆಳಗಿನ ಆ ಅಂಕಣದ ಬಲದ ಮೇಲೆ. ಅದು ಹೋದರೆ ಅವರು ಅಣ್ಣನ ಮನೆಯ ಮೂಲೆಯಲ್ಲಿ ಕೂತ ಹೆಂಗಸು. ತರಕಾರಿ ಹೆಚ್ಚಲು, ಬೈಸಿಕೊಳ್ಳಲು. ಇದು ಮೇಜಿನ ಸುತ್ತ ಕೂತ ನಾಲ್ವರಿಗೂ ಗೊತ್ತಿತ್ತು. ಇಬ್ಬರು ಮಾತ್ರ ಊಟ ನಿಲ್ಲಿಸಿದ್ದೆವು.

ಆಗಲೂ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಲಿಲ್ಲ. "ರೀ, ಹಾಗಾದ್ರೆ ಡಾಕ್ಟರ ಕಾರು ನೀವೇ ಒರೆಸಿ" ಎಂದೆ. "ಅವರ ಎದುರಿಗೇ. ಟವೆಲ್ ಬಗ್ಗೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಹೊಗಳಿಕೆಯನ್ನು ನನ್ನ ಗಂಡ ಏಳನೇ ನಂಬರಿಗಿಂತ ಬೇಗ ಹೀರಿಕೊಳ್ಳುತ್ತಾರೆ. ಮುಖ ಅರಳಿತು. "ಅದನ್ನೇ ನಾನೂ ಅನ್ಕೋತಿದ್ದೆ" ಎಂದರು.

ಅತ್ತೆ ನನ್ನನ್ನು ಒಮ್ಮೆ ನೋಡಿದರು. ತುಸು ಹೆಚ್ಚು ಹೊತ್ತೇ ನೋಡಿದರು.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ನನ್ನ ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಇಳಿದುಬಂದರು. ಕಾರು ಒರೆಸಲು ಹೊರಟವರೋ, ಕಾರಿಗೆ ಹಾರ ಹಾಕಲು ಹೊರಟವರೋ ತಿಳಿಯುವಂತಿರಲಿಲ್ಲ. ಪೈಪಣ್ಣ ಕಾರು ತೊಳೆದು ಮುಗಿಸಿದ. ಡಾಕ್ಟರು ಕಾಫಿ ಬೇಡವೆಂದು ಹೊರಗೇ ನಿಂತು, ಟಾರ್ಚು ಹಾಕಿ ಇಡೀ ಕಾರನ್ನು ನೋಡಿದರು. ಒಂದು ಗೀರೂ ಇರಲಿಲ್ಲ. ಅತ್ತೆ ಕಂಬಕ್ಕೆ ಒರಗಿ, ಕೈ ಕಟ್ಟಿಕೊಂಡು ನಿಂತರು. ಒದ್ದೆ ಕಾರಿನ ಎದುರು ಅವರ ಕೈ ಹಾಗೆ ಸುಮ್ಮನಿದ್ದುದನ್ನು ನಾನು ಅವತ್ತೇ ನೋಡಿದ್ದು.

"ಮೊದಲು ಮಡಿಕೆ. ಮಡಿಕೆ ಮುಖ್ಯ ಡಾಕ್ಟ್ರೇ" ಎಂದು ನನ್ನ ಗಂಡ ಪಾಠ ಶುರು ಮಾಡಿದರು. "ಹೆಸರು ಮೇಲೆ. ಇದು ಏಳನೇ ನಂಬರು. ಹನ್ನೊಂದರಲ್ಲಿ ಆರಿಸಿದ್ದು. ಇದರ ಎಳೆ ಹೇಗಿದೆ ಗೊತ್ತಾ..." ಬಾನೆಟ್ಟಿನ ಅರ್ಧ ಒರೆಸಿದರು. ಟವೆಲ್ ಒದ್ದೆಯಾಯಿತು. ಮಾತಿನ ಭರದಲ್ಲಿ, ನೋಡದೆಯೇ, ಅದನ್ನು ಮಗುಚಿ ಇನ್ನರ್ಧಕ್ಕೆ ಕೈಹಾಕಿದರು. ಅತ್ತೆ ಎಳೆಯುತ್ತಿದ್ದರು, ಇವರು ಗುಂಡಗೆ ಉಜ್ಜಿದರು. ಬಾನೆಟ್ಟು, ಎಡಗಡೆಯ ಮುಂದಿನ ಬಾಗಿಲು. ಹಿಂದಿನ ಬಾಗಿಲಿಗೆ ಬರುವಷ್ಟರಲ್ಲಿ ಡಾಕ್ಟರು, "ಒಂದ್ನಿಮಿಷ" ಎಂದರು.

ಟಾರ್ಚು ಹಾಕಬೇಕಾಗಿಯೇ ಇರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ. ಬಿಸಿಲು ನೇರವಾಗಿ ಬಿದ್ದಿತ್ತು; ಬಾನೆಟ್ಟಿನ ಎರಡನೆಯ ಅರ್ಧದ ತುಂಬ ಜೇಡರ ಬಲೆಯಂಥ ಗೀರು.

"ನೀರಲ್ಲಿ ಮರಳಿದೆ" ಎಂದರು ನನ್ನ ಗಂಡ, ಉಸಿರೂ ತೆಗೆದುಕೊಳ್ಳದೆ.

"ಬಲಗಡೆಗೂ ಅದೇ ನೀರು ಬಿಟ್ಟಿದ್ದು ಸಾರ್. ಅಲ್ಲಿ ಏನೂ ಇಲ್ಲ" ಎಂದ ಪೈಪಣ್ಣ.

"ಹಾಗಾದ್ರೆ ಪಾಲಿಶ್ ಮಾಡಿದವರು ಸರಿಯಾಗಿ ಮಾಡಿಲ್ಲ. ಬಣ್ಣ ಮೆತ್ತಗಾಗಿದೆ."

ಕುಣಿಯಲಾರದವರಿಗೆ ನೆಲ ಯಾವಾಗಲೂ ಡೊಂಕು. ಡಾಕ್ಟರು ಅವರ ಕೈಯಿಂದ ಟವೆಲ್ ತೆಗೆದುಕೊಂಡರು. ಹಲ್ಲು ಅಲ್ಲಾಡುತ್ತದೋ ಎಂದು ನೋಡುವ ಬೆರಳು ಅದು. ನೇರವಾಗಿ ಮೂಲೆಗೆ ಹೋಯಿತು.

"ಇದನ್ನ ನಾನು ಪೇಷಂಟ್ ಬಾಯಿಗೆ ಹಾಕಿದ್ರೆ ನನ್ನ ಮೇಲೆ ಕೇಸ್ ಹಾಕ್ತಾರೆ" ಎಂದರು. ದೂರ ಹಿಡಿದು ಗಟ್ಟಿಯಾಗಿ ಓದಿದರು. "ಗೀರಿಲ್ಲದ ಹೊಳಪು, ನಮ್ಮ ಹೊಣೆ. ಯಾರ ಹೊಣೆ ಸ್ವಾಮಿ ಇದು?"

ನನ್ನ ಗಂಡನ ತೋರುಬೆರಳು ತಾನಾಗಿಯೇ ಎದ್ದು ಗಾಜಿನ ಕಿಟಕಿಯ ಕಡೆಗೆ ತಿರುಗಿತು. "ಬರೆದಿದ್ದು ಅವಳು" ಎಂದರು.

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವರು ನನಗೆ ಬಿಟ್ಟುಕೊಟ್ಟ ಮೊದಲ ಹಿರಿಮೆ ಅದು.

ನಾನು ಹೊರಗೆ ಬಂದೆ. "ಹೌದು, ಬರೆದಿದ್ದು ನಾನು" ಎಂದೆ. "ಹೊಲಿಸಿದ್ದು, ಹೆಸರು ಮೇಲೆ ಬರೋ ಹಾಗೆ ಮಡಿಸಿದ್ದು ಇವರು. ಅತ್ತೆ ಬೇಡ ಅಂತ ಮೊದಲನೇ ದಿನವೇ ಹೇಳಿದ್ರು. ಅವರ ಉಂಗುರದಿಂದ ಏನೂ ಆಗಿರ್ಲಿಲ್ಲ. ಅವರ ಕಣ್ಣೂ ಚೆನ್ನಾಗಿದೆ."

ಮಾವನ ಎರಡೂ ಕಣ್ಣು ತೆರೆದಿದ್ದವು.

ಡಾಕ್ಟರು ಅತ್ತೆಯ ಕಡೆ ತಿರುಗಿ, "ಅಮ್ಮಾ, ಉಳಿದದ್ದನ್ನ ನೀವು ಒರೆಸ್ತೀರಾ? ನಿಮ್ಮ ಹಳೇ ಬಟ್ಟೆ ಇದ್ರೆ..." ಎಂದರು.

"ಇದೇ ಸಾಕು. ಟವೆಲ್ ಒಳ್ಳೇದೇ" ಎಂದು ಅತ್ತೆ ಹೊಸದೊಂದನ್ನು ತೆಗೆದುಕೊಂಡರು. ಜರಿ ಮೂಲೆಯನ್ನು ಒಳಕ್ಕೆ ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ ಹಾಕಿ, ಆ ತುದಿಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡರು. ಉಳಿದದ್ದನ್ನು ಹಿಂದಿನ ಡಿಕ್ಕಿಯ ಮೇಲೆ ಹಾಸಿ, ಮೆಲ್ಲಗೆ ಎಳೆದುಕೊಂಡರು. ಡಾಕ್ಟರು ಟಾರ್ಚು ಹಿಡಿದು ಹಿಂದೆ ಹಿಂದೆಯೇ ಸಾಗಿದರು. ಎಲ್ಲೂ ನಿಲ್ಲಲಿಲ್ಲ. ಹೋಗುವಾಗ, "ಮುಂದಿನ ವಾರ ಬರ್ತೀನಿ. ಇವರು ಇದ್ರೆ ಮಾತ್ರ" ಎಂದರು. ನನ್ನ ಗಂಡ ಆಗಲೇ ಮೆಟ್ಟಿಲು ಹತ್ತಿಯಾಗಿತ್ತು.

ಊಟಕ್ಕೆ ಕೋಣೆಯಿಂದ ಹೊರಗೆ ಬರಲಿಲ್ಲ. ನಾಲ್ಕು ಗಂಟೆಯ ಕಾಫಿಗೆ ಬಂದರು, ಹೊಸ ಕಾರಣದ ಸಮೇತ. "ದರ್ಜಿ ಮೋಸ ಮಾಡಿದ. ಮೆತ್ತಗಿನ ಜರಿ ಹಾಕು ಅಂದಿದ್ದೆ" ಎಂದು ಮಾವನಿಗೆ ವಿವರಿಸುತ್ತಿದ್ದರು. ನನ್ನ ಲೋಟವನ್ನು ದಾಟಿ ಸಕ್ಕರೆ ತೆಗೆದುಕೊಂಡರು, ನನ್ನತ್ತ ನೋಡಲಿಲ್ಲ. ಈ ಸಲ ಗೋಡೆಗೆ ಮುಖ ಮಾಡಿ ಎಷ್ಟು ದಿನ ಉಣ್ಣುತ್ತಾರೋ ಎಂದು ಲೆಕ್ಕ ಹಾಕಲು ಹೋಗಿ, ಬೇಸರವಾಗಿ ಬಿಟ್ಟುಬಿಟ್ಟೆ. ಆ ಬೆನ್ನಿಗೆ ಹೆದರಿ ನಾನು ಹತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ಬೆನ್ನು ಅಂದರೆ ಬೆನ್ನು, ಅಷ್ಟೇ.

ಕೆಳಗೆ ಬಟ್ಟೆ ಒಗೆಯುವ ಯಂತ್ರದ ಪಕ್ಕ ಅತ್ತೆ ಟವೆಲ್ಲುಗಳನ್ನು ಎಣಿಸಿ ಜೋಡಿಸುತ್ತಿದ್ದರು. ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು ನಾನು ಸ್ಟೂಲಿನ ಮೇಲೆ ಕೂತೆ. ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ ಎಂದು ಒಳಗೊಳಗೇ ಕಾಯುತ್ತಿದ್ದೆ. ಅವರ ಜಾಗ ಅವರಿಗೆ ಉಳಿಯಿತಲ್ಲ.

"ಆ ಫೋನಿಗೆ ಕವರು ಯಾವತ್ತು ಹಾಕಿಸ್ದೆ?" ಎಂದು ಕೇಳಿದರು.

ಈ ಮನೆಯಲ್ಲಿ ಎಲ್ಲವನ್ನೂ ಗಮನಿಸುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

"ಐದನೇ ದಿನ" ಎಂದೆ.

"ಉಂಗುರ ಕತ್ತರಿಸಿದ್ದು?"

"...ಎಂಟನೇ ದಿನ."

ಅತ್ತೆ ತಲೆಯಾಡಿಸಿದರು, ಎಣಿಕೆ ಸರಿಯಾಗಿದೆ ಎನ್ನುವ ಹಾಗೆ. "ಅವನು ದಡ್ಡ ಕಣೇ. ಹುಟ್ಟಿದಾಗಿಂದ ನೋಡಿದ್ದೀನಿ. ಅವನ ಮೇಲೆ ನಂಗೆ ಕೋಪ ಬರಲ್ಲ." ಅಷ್ಟು ಹೇಳಿ ನನ್ನ ಮುಖ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಊಟದ ಮೇಜಿನ ಈಚೆಯಿಂದ ನಾನು ದಿನಾ ಗಂಡನನ್ನು ನೋಡುವ ನೋಟ. ನನ್ನ ಕಡೆಗೇ ತಿರುಗಿದಾಗ ಅದು ಹೇಗಿರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಅರವತ್ತು ಟವೆಲ್ಲಿನ ಗುಡ್ಡೆಯನ್ನು ನನ್ನ ಕಡೆ ತಳ್ಳಿದರು. "ಒಂದು ಎಳೆಯೂ ಉಳೀಬಾರದು. ಬಿಚ್ಚಿದ ಮೇಲೆ ಬೆರಳಲ್ಲಿ ಮುಟ್ಟಿ ನೋಡು. ಏನಾದ್ರೂ ತಗುಲಿದ್ರೆ ಬಾಯಿ ಬಿಟ್ಟು ಹೇಳು."

ಹೊರಗೆ ಪೈಪಣ್ಣ ನೀರು ನಿಲ್ಲಿಸಿ, "ಅಕ್ಕಾ, ಕಾರು ರೆಡಿ" ಎಂದು ಕೂಗಿದ. ಅತ್ತೆ ಹೋದರು. ನಾನು ಮೊದಲನೇ ಟವೆಲ್ಲಿನ ಮೊದಲನೇ ಅಕ್ಷರಕ್ಕೆ ಬ್ಲೇಡು ಹಾಕಿದೆ. ದರ್ಜಿ ಮೋಸ ಮಾಡಿರಲಿಲ್ಲ. ಒಂದೊಂದು ಹೊಲಿಗೆಯೂ ಬಿಗಿಯಾಗಿತ್ತು.